ಹದಿಮೂರನೆಯ ಚರಿಗೆ

ಒಂದು ಹೆಸರು ಅಳಿಸಲು ಹತ್ತು ರೂಪಾಯಿ. ಹನ್ನೆರಡು ಅಳಿಸಿದರೆ ಹದಿಮೂರನೆಯದು ಫ್ರೀ.

ಇದು ಶಹಾಬಜಾರದ ಪಾಲಿಶ್ ಅಂಗಡಿಯವರು ತಾವಾಗಿ ಇಟ್ಟ ರೇಟ್ ಅಲ್ಲ. ಅವರು ಕೇಳಿದ್ದು ಹದಿನೈದು. ಅದನ್ನು ಹತ್ತಕ್ಕೆ ಇಳಿಸಿ, ಮೇಲೊಂದು ಫ್ರೀ ಹಾಕಿಸಿಕೊಂಡವಳು ನಾನು. (ಈ ಅಂಕಣವನ್ನು ಓದುತ್ತ ಬಂದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.)

ಅಳಿಸಿದ್ದು ಯಾವ ಹೆಸರು? ಪಾತ್ರೆಗಳ ಮೇಲಿನ ಹೆಸರು. ಯಾಕೆ? ಹೇಳುತ್ತೇನೆ.

ಕಳೆದ ತಿಂಗಳು ನಾವು ಮನೆ ಬದಲಿಸಿದೆವು. ಶಹಾಬಜಾರದ ಬಾಡಿಗೆ ಮನೆಯಿಂದ ಐವಾನ್-ಎ-ಶಾಹಿ ಕಡೆಯ ಎರಡು ಬೆಡ್‌ರೂಮಿನ ಫ್ಲಾಟ್‌ಗೆ. ಜಗತ್ ಸರ್ಕಲ್ ಹತ್ತಿರದ ನನ್ನ ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸ್, ಫಾಲ್, ಅಸ್ತರು ಮಾರಿ ಮಾರಿ ಕೂಡಿಸಿಕೊಂಡ ಮನೆ ಅದು. ಲಿಫ್ಟ್ ಇದೆ, ಬಾಲ್ಕನಿ ಇದೆ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಇಲ್ಲದಿರುವುದು ಒಂದೇ. ಅಟ್ಟ.

ಅಟ್ಟವಿಲ್ಲದ ಮನೆಗೆ ಹೋಗುವುದೆಂದರೆ ಏನು ಗೊತ್ತೇ? ಇಷ್ಟು ವರ್ಷ "ಇರಲಿ, ಮೇಲೆ ಇಡಿ" ಎಂದು ತಳ್ಳಿದ್ದೆಲ್ಲ ಒಂದೇ ದಿನ ಕೆಳಗಿಳಿದು ಪಡಸಾಲೆಯಲ್ಲಿ ಕೂತು, "ಈಗ ಹೇಳು, ನಮ್ಮನ್ನು ಏನು ಮಾಡುತ್ತೀ?" ಎಂದು ಕೇಳುವುದು. ಕೈ ಮುರಿದ ಕುರ್ಚಿ, ಓಡದ ಮಿಕ್ಸರ್, ಯಾರದೋ ಮದುವೆಯಲ್ಲಿ ಬಂದ ಗೋಡೆ ಗಡಿಯಾರಗಳು. ಗಡಿಯಾರಗಳೇ ಐದು! ಎಲ್ಲವೂ ಬೇರೆ ಬೇರೆ ಹೊತ್ತಿಗೆ ನಿಂತಿದ್ದವು.

ರದ್ದಿ ಪೇಪರ್ ರದ್ದಿಯವನಿಗೆ ಹೋಯಿತು. ಕುರ್ಚಿ, ಮಿಕ್ಸರ್ ಗುಜರಿಗೆ ಹೋದವು. ಓಣಿಗೆ ಬರುವ ಪಾತ್ರೆಯವಳಿಗೆ ಹಳೇ ಸೀರೆಗಳನ್ನು ಕೊಟ್ಟು ಸ್ಟೀಲ್ ಬುಟ್ಟಿ ತೆಗೆದುಕೊಂಡೆ. (ಅವಳು ಸಣ್ಣದು ಕೊಡಲು ನೋಡಿದಳು. ನಾನು ದೊಡ್ಡದೇ ತೆಗೆದುಕೊಂಡೆ.) ಉಳಿದದ್ದು ಪಾತ್ರೆಗಳು.

ನಮ್ಮ ಕಡೆ ಪಾತ್ರೆಗೆ ಭಾಂಡೆ ಎನ್ನುತ್ತಾರೆ. ಭಾಂಡೆ ಎಂದ ಮೇಲೆ ಹೆಸರು ಇರಲೇಬೇಕು. ಮದುವೆ, ಮನೆ ಪ್ರವೇಶ, ಸೀಮಂತ, ಏನೇ ಇರಲಿ, ಅಂಗಡಿಯಲ್ಲಿ ಭಾಂಡೆ ಕೊಂಡವರು ಅಲ್ಲೇ ನಿಂತು ಹೆಸರು ಕೊರೆಸಿ ತರುತ್ತಾರೆ. ಕೊಟ್ಟವರ ಹೆಸರು, ಕೆಲವೊಮ್ಮೆ ಅವರ ಊರು, ಇನ್ನೂ ಹುರುಪಿದ್ದರೆ ಗಂಡನ ನೌಕರಿ. ನನ್ನಲ್ಲಿ ಒಂದು ಹಿಟ್ಟಿನ ಡಬ್ಬಿ ಇತ್ತು. ಮೇಲೆ "ನವದಂಪತಿಗಳಿಗೆ ಪ್ರೀತಿಯ ಕಾಣಿಕೆ" ಎಂದಿತ್ತು. ಆ ಪ್ರೀತಿಯವರೊಂದಿಗೆ ಚರಂಡಿ ಜಗಳವಾಗಿ ಮಾತು ಬಿಟ್ಟೇ ಬಹಳ ಕಾಲವಾಯಿತು. ಡಬ್ಬಿಯಲ್ಲಿ ಮಾತ್ರ ಪ್ರೀತಿ ಹಾಗೇ ಉಳಿದಿತ್ತು.

ಹೆಸರಿರುವ ಭಾಂಡೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಜಗತ್ ಕಡೆಯ ಹಳೇ ಭಾಂಡೆ ಅಂಗಡಿಗೆ ಒಯ್ದೆ. ಅಂಗಡಿಯವನು ಒಂದೊಂದನ್ನೇ ತಿರುಗಿಸಿ ನೋಡಿ ಮುಖ ಸಿಂಡರಿಸಿದ.

"ಹೆಸರು ಅವ ಅಲ್ರೀ ಅಕ್ಕೋರೆ. ಹೆಸರಿದ್ರ ಗುಜರಿ ರೇಟ್. ಹೆಸರಿಲ್ಲಂದ್ರ ಸೆಕೆಂಡ್ ಹ್ಯಾಂಡ್ ರೇಟ್."

"ಹೆಸರಿದ್ರ ಏನಾತೋ ತಮ್ಮಾ? ಅನ್ನ ಬೇಯಂಗಿಲ್ಲೇನು?"

"ಬೇರೆಯವ್ರ ಹೆಸರಿದ್ದ ಭಾಂಡೆ ಯಾರು ಒಯ್ತಾರ್ರೀ? ಬಂದವ್ರು ನೋಡಿ ಕಳವಿನ ಮಾಲು ಅಂತಾರ."

ಮಾತು ನಿಜ. ಆದರೆ ನಿಜವಾದ ಮಾತಿಗೆ ಸುಮ್ಮನೆ ಒಪ್ಪುವವಳು ನಾನಲ್ಲ. ಚೀಲ ಎತ್ತಿಕೊಂಡು ಬಂದೆ. ಆಟೋದಲ್ಲೇ ಐಡಿಯಾ ಹೊಳೆಯಿತು. ಹೆಸರಿನಿಂದ ತಾನೇ ರೇಟ್ ಬೀಳುವುದು? ಹೆಸರನ್ನೇ ತೆಗೆಸಿದರೆ?

ನಮ್ಮವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ ಅಂದರು, "ನಾಳಿ ನನಗೂ ಪಾಲಿಶ್ ಹೊಡಿಸಿ ಮಾರಾಕಿ ನೀ."

"ನಿಮಗ ಗಿರಾಕಿ ಸಿಗಬೇಕಲ್ರೀ."

ಇಬ್ಬರೂ ನಕ್ಕೆವು. ಆ ಸಂಜೆಯೇ ಶಹಾಬಜಾರದ ಪಾಲಿಶ್ ಅಂಗಡಿಗೆ ಹೋದೆ. ಕಲಾಯಿ ಮಾಡುತ್ತಿದ್ದ ಹಳೇ ಅಂಗಡಿ. ಈಗ ಕಲಾಯಿ ಯಾರಿಗೂ ಬೇಡ, ಹಾಗಾಗಿ ಒಂದು ಮೋಟಾರು, ಅದಕ್ಕೊಂದು ತಿರುಗುವ ಚಕ್ರ. ಚಾಚಾ ಒಬ್ಬರೇ ಕೂತಿದ್ದರು.

"ಏಕ್ ನಾಮ್ ಕೂ ಪಂದ್ರಾ ಅಮ್ಮಾ."

"ಹತ್ತು ಚಾಚಾ. ಹನ್ನೆರಡಕ್ಕ ಒಂದು ಫುಕಟ್."

"ಫುಕಟ್? ಮೋಟಾರ್ ಕರೆಂಟ್ ಮ್ಯಾಲೆ ನಡೀತದಮ್ಮಾ, ದುವಾ ಮ್ಯಾಲೆ ನಡ್ಯಂಗಿಲ್ಲ."

"ಹಂಗಿದ್ರ ಆ ಕಡಿ ಓಣಿಗಿ ಹೋಗ್ತೀನಿ ತಗೋರಿ."

(ಆ ಕಡೆ ಓಣಿಯಲ್ಲಿ ಪಾಲಿಶ್ ಅಂಗಡಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಚೌಕಾಸಿಯಲ್ಲಿ ಅದು ಗೊತ್ತಿರಬೇಕಾಗಿಯೂ ಇಲ್ಲ.)

ಚಾಚಾ ಕೈ ಮುಗಿದು ನಕ್ಕು ಚೀಲ ಎಳೆದುಕೊಂಡರು. ಮೋಟಾರು ಶುರುವಾಯಿತು. ಚಕ್ರಕ್ಕೆ ಒತ್ತಿ ಹಿಡಿದರೆ ಕಿಡಿ, ಕಪ್ಪು ಪುಡಿ, ಸುಟ್ಟ ವಾಸನೆ. ಆಮೇಲೆ ಅರಿವೆಯಿಂದ ಒರೆಸಿದರೆ ಹೆಸರೇ ಇಲ್ಲ. ಸೋದರತ್ತೆ ಹೋದರು. ಮಹಡಿ ಮನೆಯವರು ಹೋದರು. ಪ್ರೀತಿಯ ಕಾಣಿಕೆ ಹೋಯಿತು. ಖರೆ ಹೇಳುತ್ತೇನೆ, ನೋಡಲು ಮಜವೇ ಇತ್ತು.

ಹನ್ನೆರಡು ಮುಗಿದವು. ಚೀಲದ ತಳದಿಂದ ಕೊನೆಗೆ ಬಂದದ್ದು ಒಂದು ಹಿತ್ತಾಳೆ ಚರಿಗೆ. ಚರಿಗೆ ಎಂದರೆ ನೀವು ತಂಬಿಗೆ ಎನ್ನುತ್ತೀರಲ್ಲ, ಅದೇ. ಕಂಠದ ಕೆಳಗೆ ಮೊಳೆಯಿಂದ ಬಡಿದು ಬಡಿದು ಬರೆದ ಚುಕ್ಕಿ ಚುಕ್ಕಿ ಅಕ್ಷರ. ಓದಿದೆ.

ಕಾಶೀಬಾಯಿ.

ನನ್ನ ಅಕ್ಕ.

ಕಾಶಕ್ಕನನ್ನು ಕಮಲಾಪುರಕ್ಕೆ ಕೊಟ್ಟಿದ್ದೆವು. ಕೊಡುವಾಗ ನಮ್ಮಪ್ಪ ಕೊಡ, ಬೋಗುಣಿ, ಚರಿಗೆ ಎಲ್ಲಕ್ಕೂ ಅವಳ ಹೆಸರು ಬರೆಸಿದ್ದ. ಕೊಟ್ಟವರ ಹೆಸರಲ್ಲ, ಮಗಳ ಹೆಸರು. ಎರಡನೇ ಹೆರಿಗೆಯಲ್ಲಿ ಕಾಶಕ್ಕ ಹೋದಳು. ಕೂಸೂ ಹೋಯಿತು. ಮೊದಲ ಮಗಳು ಸುವರ್ಣಾ ಆಗಿನ್ನೂ ಎದ್ದು ಬಿದ್ದು ನಡೆಯುತ್ತಿದ್ದಳು. ಭಾವ ಮತ್ತೆ ಮದುವೆಯಾದರು. ಅದರಲ್ಲಿ ತಪ್ಪೇನಿಲ್ಲ, ಸಣ್ಣ ಕೂಸನ್ನು ನೋಡಬೇಕಲ್ಲ.

ಹಾಗೆ ಆದಾಗ ನಮ್ಮ ಕಡೆ ಒಂದು ಪದ್ಧತಿಯಿದೆ. ಸತ್ತವಳಿಗೆ ತವರಿನವರು ಕೊಟ್ಟ ಭಾಂಡೆ ತವರಿಗೆ ವಾಪಸ್ ಬರುತ್ತವೆ. ಹೊಸದಾಗಿ ಬಂದವಳು ಸತ್ತವಳ ಹೆಸರಿದ್ದ ಚರಿಗೆಯಲ್ಲಿ ದಿನಾ ನೀರು ಕುಡಿಯುವುದು ಹೇಗೆ ಹೇಳಿ? ಮಗಳು ಹೋದ ಮನೆಯಿಂದ ಭಾಂಡೆ ಬಂದವು. ಅವ್ವ ಅವುಗಳನ್ನು ಬಳಸಲೂ ಇಲ್ಲ, ಮಾರಲು ಬಿಡಲೂ ಇಲ್ಲ. ಕೊನೆಗೆ ಕಷ್ಟದ ಒಂದು ಕಾಲದಲ್ಲಿ ಕೊಡ, ಬೋಗುಣಿ ಹೋದವು. ಚರಿಗೆಯೊಂದು ಉಳಿಯಿತು. ಅವ್ವ ತನ್ನ ಕಡೆಗಾಲದಲ್ಲಿ ನನ್ನ ಮನೆಗೆ ಬಂದಾಗ ಚರಿಗೆಯೂ ಅವಳ ಜೊತೆ ಬಂತು. ನಮ್ಮ ಅಟ್ಟ ಸೇರಿತು.

ಇದೆಲ್ಲ ಆ ಕ್ಷಣ ನನಗೆ ನೆನಪಾಗಲಿಲ್ಲ ಎಂದು ಹೇಳಿ ಪಾರಾಗಬಹುದು. ಆದರೆ ನೆನಪಾಯಿತು. ಕೈ ಮುಂದೆ ಹೋಯಿತು, ಚರಿಗೆಯನ್ನು ಹಿಂದೆ ತೆಗೆದುಕೊಳ್ಳೋಣ ಎಂದು.

ಆದರೆ ಅದು ಹದಿಮೂರನೆಯದು. ಫ್ರೀ. ಅಷ್ಟು ಹೊತ್ತು ವಾದಿಸಿ ಗಿಟ್ಟಿಸಿದ್ದು. ಹಿಂದೆ ತೆಗೆದುಕೊಂಡರೆ ಗೆದ್ದದ್ದೆಲ್ಲ ನೀರಿಗೆ ಹೋದಂತೆ. ಸತ್ತವರ ಹೆಸರು, ಅಟ್ಟವಿಲ್ಲದ ಮನೆ, ಇಟ್ಟುಕೊಂಡು ಮಾಡುವುದೇನು ಎಂದು ಮನಸ್ಸು ಚಕಚಕ ಲೆಕ್ಕ ಹಾಕಿತು. ಕೈ ಹಿಂದೆ ಬಂತು.

ಚಾಚಾ ಚರಿಗೆಯನ್ನು ಚಕ್ರಕ್ಕೆ ಒತ್ತಿದರು. ಚುಕ್ಕಿಗಳು ಆಳವಾಗಿದ್ದವು, ಸ್ವಲ್ಪ ಹೊತ್ತು ಹೆಚ್ಚೇ ಬೇಕಾಯಿತು.

"ಫುಕಟ್ ಕಾ ಕಾಮ್ ಭಾಳ ಅದ ನೋಡ್ರೀ ಅಮ್ಮಾ," ಎಂದು ಗೊಣಗಿದರು.

ಮರುದಿನ ಸೆಕೆಂಡ್ ಹ್ಯಾಂಡ್ ರೇಟಿಗೆ ಹದಿಮೂರನ್ನೂ ಮಾರಿದೆ. ಫ್ಲಾಟ್‌ಗೆ ಹೋದೆವು. ಹಾಲು ಉಕ್ಕಿಸಿದೆವು. ಪಕ್ಕದ ಮನೆಯವರಿಗೆ ಇದೇ ಕಥೆಯನ್ನು ನಗುನಗುತ್ತ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ.

ಆಮೇಲೆ ಸುವರ್ಣಾಳ ಫೋನ್ ಬಂತು.

ಸುವರ್ಣಾ ಕಮಲಾಪುರದಲ್ಲೇ ಬೆಳೆದು, ಕಮಲಾಪುರದಲ್ಲೇ ಮದುವೆಯಾಗಿ, ಈಗ ಮಗಳ ಮದುವೆ ಹಿಡಿದಿದ್ದಾಳೆ. ಮದುವೆಗೆ ಬರಲು ಆಗಲೇ ಹೇಳಿದ್ದಳು. ಮತ್ತೆ ಯಾಕೆ ಫೋನ್ ಎಂದುಕೊಂಡೆ.

"ಚಿಗವ್ವಾ, ಪೂಜಾನ ಅರಿಶಿಣ ಶುಕ್ರವಾರ ಅದ ನೋಡ್ರಿ. ಬರೋವಾಗ ನಮ್ಮವ್ವನ ಚರಗಿ ತರ್ರಿ."

"ಯಾವ ಚರಗಿ?" ಎಂದೆ. ಯಾವುದೆಂದು ಗೊತ್ತಾಗಿತ್ತು.

"ಅದೇ ರೀ, ಹೆಸರು ಬರದದ್ದು. ಅಜ್ಜಿ ಅಟ್ಟದ ಮ್ಯಾಲೆ ಇಡ್ತಿದ್ಳಲ್ಲ. ಸುರಗಿಗಿ ಮೂರು ಚರಗಿ ನಮ್ಮ ಮನ್ಯಾನವು ಇಡ್ತೀನಿ. ನಾಕನೇದು ಅದೇ ಇಡಬೇಕಂತ ಪೂಜಾ ಹುಟ್ಟಿದಾಗಿಂದ ಅಂದ್ಕೊಂಡೀನಿ."

ಸುರಗಿ ಗೊತ್ತಿಲ್ಲದವರಿಗೆ: ಅರಿಶಿಣದ ದಿನ ನಾಲ್ಕು ಮೂಲೆಗೆ ನಾಲ್ಕು ಚರಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ನೀರು ಹಾಕುತ್ತೇವೆ. ಮನೆಯ ಹಿರಿಯ ಹೆಂಗಸರೆಲ್ಲ ಸುತ್ತ ನಿಲ್ಲುತ್ತಾರೆ. ಸುವರ್ಣಾಳಿಗೆ ನಿಲ್ಲಿಸಲು ಅವ್ವ ಇಲ್ಲ. ಒಂದು ಫೋಟೋ ಕೂಡ ಇಲ್ಲ. ಇದ್ದದ್ದು ಚರಿಗೆ.

"ಕಳದಿಲ್ಲಲ್ಲ ಮತ್ತ?" ಎಂದಳು. ಎಂದು ತಾನೇ ನಕ್ಕಳು. "ನೋಡ್ರಿ, ಯಾರಿಗಿ ಕೇಳಾಕತ್ತೀನಿ! ನಿಮ್ಮ ಬಲ್ಲಿಂದ ಒಂದು ಗುಂಡುಸೂಜಿ ಸೈತ ಎಲ್ಲೂ ಹೋಗಂಗಿಲ್ಲ. ಅದಕ್ಕೇ ಇಷ್ಟು ವರ್ಷ ನಾ ಕೇಳೇ ಇಲ್ಲ. ನಿಮ್ಮ ಬಲ್ಲಿ ಇದ್ರ ಬ್ಯಾಂಕಿನಾಗ ಇದ್ದಂಗ."

"ಹೂಂ. ತರ್ತೀನಿ," ಎಂದೆ.

ಮತ್ತೇನು ಅನ್ನಬೇಕಿತ್ತು?

ಹಳೇ ಭಾಂಡೆ ಅಂಗಡಿಗೆ ಓಡಿದೆ. ಚರಿಗೆ ಇತ್ತು. ಫಳಫಳ ಹೊಳೆಯುತ್ತಿತ್ತು. ತಳದಲ್ಲೊಂದು ತಗ್ಗು ಇದ್ದುದರಿಂದ ಇನ್ನೂ ಯಾರೂ ಒಯ್ದಿರಲಿಲ್ಲ. ನನ್ನ ಮುಖ ನೋಡಿಯೇ ಅಂಗಡಿಯವನು ರೇಟ್ ಏರಿಸಿದ. (ಬೇಕೇ ಬೇಕು ಎಂಬುದನ್ನು ಮುಖದ ಮೇಲೆ ತೋರಿಸಬೇಡಿ ಎಂದು ನಿಮಗೆ ಎಷ್ಟು ಸಲ ಬರೆದಿದ್ದೇನೆ!) ಕೊಟ್ಟು ತಂದೆ. ಆಟೋದಲ್ಲಿ ಹೆಬ್ಬೆರಳಿನಿಂದ ಕಂಠದ ಕೆಳಗೆ ಸವರಿದೆ. ಎಲ್ಲ ಕಡೆಯೂ ನುಣುಪು.

ಆದರೂ ನನ್ನ ತಲೆ ನಿಲ್ಲುವುದೇ? ಅಳಿಸಬಹುದಾದ ಹೆಸರನ್ನು ಬರೆಸಲೂಬಹುದಲ್ಲ! ಜಗತ್ ಸರ್ಕಲ್‌ನಲ್ಲಿ ಭಾಂಡೆ ಅಂಗಡಿಯ ಮುಂದೆ ಕೂತು ಕರೆಂಟಿನ ಪೆನ್ನಿನಲ್ಲಿ ಹೆಸರು ಕೊರೆಯುವವನ ಹತ್ತಿರ ಹೋದೆ.

"ಯಾರ ಹೆಸರು ಮೇಡಂ? ಮದುವಿ ಗಿಫ್ಟಾ? ಡೇಟ್ ಹಾಕ್ಲಾ?"

"ಡೇಟ್ ಬ್ಯಾಡ."

"ಹೂ ಬಿಡಿಸ್ಲಾ? ಹೂವಿಗಿ ರೊಕ್ಕ ಇಲ್ಲ."

"ಬರೇ ಹೆಸರು ಬರಿ."

ಪೆನ್ನು ಗುಂಯ್ ಎಂದಿತು. ನಾನು ಪರ್ಸ್ ತೆಗೆಯುವಷ್ಟರಲ್ಲಿ ಮುಗಿಯಿತು. ಕಾಶೀಬಾಯಿ. ಓರೆಯಾಗಿ, ಚೆಂದವಾಗಿ, ಮದುವೆ ಕಾರ್ಡಿನ ಅಕ್ಷರದ ಹಾಗೆ. ಮನೆಗೆ ಬಂದು ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಅಕ್ಷರದ ಸಂದಿಗೆ ತುಂಬಿ ಒರೆಸಿದೆ. ಹಳೇದರಂತೆ ಕಂಡಿತು. ನಮ್ಮವರು ಬಾಗಿಲಲ್ಲಿ ನಿಂತು ನೋಡಿದರು. ನೋಡಿ ಒಳಗೆ ಹೋದರು.

ಶುಕ್ರವಾರ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಕೊಂಡೆ, ಚೌಕಾಸಿ ಮಾಡಿಯೇ. ಮನೆ ಮುಂದೆ ಹಂದರ ಹಾಕಿತ್ತು. ಒಳಗೆ ಹೆಂಗಸರು, ಅರಿಶಿಣದ ವಾಸನೆ, ಹಾಡು, ಯಾರದೋ ಕೂಸಿನ ಅಳು. ಅಂಗಳದಲ್ಲಿ ಮೂರು ಮೂಲೆಗೆ ಮೂರು ಚರಿಗೆ ಇಟ್ಟಿದ್ದರು. ನಾಲ್ಕನೆಯ ಮೂಲೆಗೆ ಅಕ್ಕಿ ಹಾಕಿ ಜಾಗ ಬಿಟ್ಟಿದ್ದರು.

ಸುವರ್ಣಾ ಓಡಿ ಬಂದಳು. ಕೈಗೆಲ್ಲ ಅರಿಶಿಣ. ಸೀರೆ ಸೆರಗಿಗೆ ಕೈ ಒರೆಸಿಕೊಂಡು ಚರಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನೋಡಲಿಲ್ಲ. ಮೊದಲು ಅವಳ ಹೆಬ್ಬೆರಳು ಕಂಠದ ಕೆಳಗೆ ಹೋಯಿತು. ಒಂದು ಸಲ ಆ ಕಡೆಯಿಂದ ಈ ಕಡೆ. ಮತ್ತೊಂದು ಸಲ.

"ಚಿಗವ್ವಾ, ಒಳಗ ಬರ್ರಿ ಸ್ವಲ್ಪ," ಎಂದಳು.

ಒಳಕೋಣೆಯಲ್ಲಿ ಕಾಳಿನ ಚೀಲಗಳ ನಡುವೆ ಇಬ್ಬರೇ ನಿಂತೆವು.

"ಇದು ಯಾರು ಬರದದ್ದು?"

"ನಿಮ್ಮಜ್ಜ ಬರಿಸಿದ್ದು ಯವ್ವಾ."

"ಅಜ್ಜ ಬರಿಸಿದ್ದು ಚುಕ್ಕಿ ಚುಕ್ಕಿ ಇತ್ತು. ನಾ ಸಣ್ಣಾಕಿದ್ದಾಗ ಅಜ್ಜಿ ನನ್ನ ಬೆರಳ ಹಿಡದು ಅದರ ಮ್ಯಾಲೆ ಓಡಸ್ತಿದ್ಳು. ಇದು ಕಾ, ಇದು ಶೀ ಅಂತ. ನಾ ಸಾಲಿಗಿ ಹೋಗಾಕಿಂತ ಮೊದಲ ಕಲ್ತ ಅಕ್ಷರ ಅವು. 'ಬಾ' ಬಲ್ಲಿ ಒಂದು ಚುಕ್ಕಿ ಆಳ ಬಿದ್ದಿತ್ತು. ಬೆರಳ ಇಟ್ರ ಚುಚ್ಚತಿತ್ತು." ಚರಿಗೆಯನ್ನು ಮಗುಚಿ ತಳ ನೋಡಿದಳು. "ತಗ್ಗು ಇದೇ. ಚರಗಿ ಅದೇ ಅದ. ಹೆಸರು ಅದಲ್ಲ."

ಅಂಗಡಿಯಲ್ಲಿ ಗಿರಾಕಿ ಎಂಥ ಪ್ರಶ್ನೆ ಕೇಳಿದರೂ ನನ್ನಲ್ಲಿ ಉತ್ತರ ಸಿದ್ಧವಿರುತ್ತದೆ. ಆದರೆ ಅವತ್ತು ಇದ್ದದ್ದನ್ನು ಇದ್ದಂತೆ ಹೇಳಿದೆ. ಫ್ಲಾಟ್, ಅಟ್ಟ, ಗುಜರಿ ರೇಟ್, ಪಾಲಿಶ್. ಫ್ರೀ ಎಂಬುದೊಂದನ್ನು ಬಿಟ್ಟು ಎಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೋ ಏನೋ. ಹೊರಗಿನಿಂದ ಯಾರೋ ಕೂಗಿದರು, "ಸುವರ್ಣಾ, ನಾಕನೇ ಚರಗಿ ಎಲ್ಲಿ? ಹೊತ್ತಾಗ್ಲಾಕತ್ತದ!"

"ತರ್ತೀನಿ, ತರ್ತೀನಿ!" ಎಂದು ಇಲ್ಲಿಂದಲೇ ಕೂಗಿ ಹೇಳಿದಳು. ಹೊರಡುವ ಮುಂಚೆ ಚರಿಗೆಯನ್ನೇ ನೋಡುತ್ತ ಒಂದು ಮಾತು ಕೇಳಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

"ನಮ್ಮವ್ವನ ಹೆಸರು ಅಳಸಾಕ ಎಷ್ಟು ತಗೊಂಡ್ರು ಚಿಗವ್ವಾ?"

ನೋಡಿ, ನನ್ನ ಇಡೀ ಬದುಕು ಈ ಪ್ರಶ್ನೆಯ ಮೇಲೆ ನಿಂತಿದೆ. ಎಷ್ಟಕ್ಕೆ ತಂದಿರಿ, ಎಷ್ಟು ಕೊಟ್ಟಿರಿ ಎಂದು ಯಾರು ಕೇಳಿದರೂ ಕೊಟ್ಟದ್ದಕ್ಕಿಂತ ಕಡಿಮೆ ಹೇಳಿಯೇ ನನಗೆ ರೂಢಿ. ಚೌಕಾಸಿ ಮಾಡುವವರೆಲ್ಲ ಹಾಗೇ. ಜಾಣತನ ಸ್ವಲ್ಪ ಹೆಚ್ಚು ಕಾಣಲಿ ಎಂದು ನೂರಿಪ್ಪತ್ತನ್ನು ನೂರು ಅನ್ನುತ್ತೇವೆ.

"ಹತ್ತು ರೂಪಾಯಿ," ಎಂದೆ.

ಜೀವನದಲ್ಲಿ ಮೊದಲ ಸಲ, ಕೊಟ್ಟದ್ದಕ್ಕಿಂತ ಹೆಚ್ಚು ಹೇಳಿದೆ.

"ಹತ್ತು," ಎಂದು ಅವಳೂ ಒಮ್ಮೆ ಅಂದಳು. ತಲೆ ಆಡಿಸಿದಳು. ಹೊರಗೆ ಹೋದಳು.

ಸುರಗಿ ಸುತ್ತಿದರು. ನಾನೂ ಹಿರಿಯ ಹೆಂಗಸರ ಸಾಲಿನಲ್ಲಿ ನಿಂತೆ. ಸುವರ್ಣಾ ನಾಲ್ಕನೆಯ ಮೂಲೆಯಲ್ಲಿ ಅಕ್ಕಿಯ ಮೇಲೆ ಚರಿಗೆ ಇಟ್ಟು, ಇಟ್ಟ ಮೇಲೆ ಮೆಲ್ಲಗೆ ತಿರುಗಿಸಿದಳು. ಹೆಸರು ಗೋಡೆಯ ಕಡೆ ಹೋಯಿತು. ನಡುವೆ ಕೂತಿದ್ದ ಪೂಜಾ ಕತ್ತು ಉದ್ದ ಮಾಡಿ ನೋಡಿದಳು.

"ಅವ್ವಾ, ಅಜ್ಜಿ ಚರಗಿ ಯಾವ್ದು?"

"ಇದೇ."

"ಹೆಸರು ಎಲ್ಲದ?"

"ಆ ಕಡಿ ಅದ. ನೀ ಅಳ್ಳಾಡಬ್ಯಾಡ, ನೂಲು ಹರೀತದ."

ಹೆಂಗಸರು ಹಾಡುತ್ತ ನೀರು ಹಾಕಿದರು. ಮದುಮಗಳು ಕಿರುಚಿದಳು, ನಕ್ಕಳು. ಸುವರ್ಣಾಳೂ ನಕ್ಕಳು. ಅರಿಶಿಣದ ದಿನ ಎಲ್ಲರ ಮುಖವೂ ಒದ್ದೆಯಾಗಿರುತ್ತದೆ, ಯಾರ ಮುಖದಲ್ಲಿ ಯಾವ ನೀರು ಎಂದು ಹೇಳಲು ಬರುವುದಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದೆ. ಕಾಶಕ್ಕನ ಹೆಸರು ಬೇರೆ ಎಲ್ಲಾದರೂ ಇತ್ತೇ? ಹೊಲದ ಪಹಣಿಯಲ್ಲಿ ಗಂಡನ ಹೆಸರು. ಮನೆ ಬಾಗಿಲ ಮೇಲೆ ಮಾವನ ಹೆಸರು. ಶಾಲೆಗೆ ಅವಳು ಹೋಗಿರಲೇ ಇಲ್ಲ, ಅಲ್ಲಿ ಹಾಜರಿ ಕೂಗಿದವರೂ ಇಲ್ಲ. ನಮ್ಮ ಅವ್ವಂದಿರ, ಅಕ್ಕಂದಿರ ಹೆಸರುಗಳು ಎಲ್ಲಿದ್ದವು ಹೇಳಿ? ಕೊಡದ ಕಂಠದಲ್ಲಿ, ಚರಿಗೆಯ ಹೊಟ್ಟೆಯ ಮೇಲೆ, ಪರಾತದ ಅಂಚಿನಲ್ಲಿ. ತಿಕ್ಕಿ ತೊಳೆಯುವಾಗ ಕೈಗೆ ಹತ್ತುತ್ತಿದ್ದವು, ಅಷ್ಟೇ. ಅದನ್ನೇ ನಾವು ರೇಟ್ ಕಡಿಮೆ ಮಾಡುವ ಗೀರು ಎಂದು ತಿಳಿದೆವು.

ಸುವರ್ಣಾ ಈ ಅಂಕಣ ಓದುತ್ತಾಳೆ. ಪ್ರತಿ ವಾರ ಓದಿ ಫೋನ್ ಮಾಡಿ, "ಚಿಗವ್ವಾ, ಯಾರಿಗಿ ಟೋಪಿ ಹಾಕಿದ್ರಿ ಈ ವಾರ?" ಎಂದು ನಗುತ್ತಾಳೆ. ಈ ವಾರ ಫೋನ್ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಒಳಕೋಣೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಹತ್ತು ರೂಪಾಯಿ ಕೊಟ್ಟಿರಲಿಲ್ಲ, ಸುವರ್ಣಾ. ಹತ್ತು ರೂಪಾಯಿಯಾದರೂ ಕೊಟ್ಟಿರಬೇಕಿತ್ತು.

ಸಲಹೆ ಕೊಡದೆ ಮುಗಿಸಿದರೆ ಇದು ನನ್ನ ಅಂಕಣವೇ ಅಲ್ಲ. ಹಾಗಾಗಿ, ಮನೆ ಬದಲಿಸಲು ಹೊರಟವರೇ, ಕೇಳಿ. ಗಡಿಯಾರ ಕೊಡಿ, ಕುರ್ಚಿ ಕೊಡಿ, ಸೀರೆ ಕೊಟ್ಟು ಬುಟ್ಟಿ ತೆಗೆದುಕೊಳ್ಳಿ, ದೊಡ್ಡದನ್ನೇ ತೆಗೆದುಕೊಳ್ಳಿ. ಹೆಸರಿರುವ ಭಾಂಡೆಗಳನ್ನು ಮಾತ್ರ ಬೇರೆ ಚೀಲಕ್ಕೆ ಹಾಕಿ. ಹಗಲು ಬೆಳಕಿನಲ್ಲಿ ಕೂತು ಒಂದೊಂದನ್ನೇ ಓದಿ. ಆ ಹೆಸರಿನವರು ಇದ್ದರೆ ಅವರಿಗೆ, ಇಲ್ಲದಿದ್ದರೆ ಅವರ ಮಕ್ಕಳಿಗೆ ಫೋನ್ ಹಚ್ಚಿ, "ಬೇಕೇನು?" ಎಂದು ಕೇಳಿ. ಬೇಡ ಎಂದರೆ ಆರಾಮಾಗಿ ಮಾರಿ. ನಾಲ್ಕು ಕಡೆ ರೇಟ್ ಕೇಳಿಯೇ ಮಾರಿ, ನಾನು ಬೇಡ ಅನ್ನುವುದಿಲ್ಲ. ಬೇಕು ಎಂದರೆ, ಅವರು ಬರುವವರೆಗೆ ಬಾಲ್ಕನಿಯ ಮೂಲೆಯಲ್ಲಿ ಇಟ್ಟಿರಿ.

ಒಂದು ಫೋನ್ ಮಾಡಲು ಈಗ ಎಷ್ಟು ಖರ್ಚಾಗುತ್ತದೆ? ಅದೂ ಫ್ರೀ.